ಆರ್ಡರ್‌ನಿಂದ ಡೆಲಿವರಿವರೆಗೆ: ನಿಮ್ಮ ವ್ಯವಹಾರದ ಕೆಲಸದ ನಕ್ಷೆ ಬರೆಯುವುದು ಹೇಗೆ

ಯಾವುದೇ ವ್ಯವಹಾರದ ಮಾಲೀಕರನ್ನು ಕೇಳಿ ನೋಡಿ: ಆರ್ಡರ್ ಬಂದಮೇಲೆ ಏನೇನಾಗುತ್ತದೆ? ಐದಾರು ಹಂತ ಹೇಳಿ ಮುಗಿಸುತ್ತಾರೆ. ಅದೇ ಪ್ರಶ್ನೆಯನ್ನು ಅಲ್ಲಿ ಕೆಲಸ ಮಾಡುವವರಿಗೆ ಕೇಳಿ. ಪಟ್ಟಿ ಇಪ್ಪತ್ತು ದಾಟುತ್ತದೆ. "ಸಾರ್ ಒಪ್ಪಿಗೆ ಕೊಡೋವರೆಗೆ ಕಾಯ್ತೀವಿ." "ಶೀಟ್‌ನಲ್ಲಿ ಫೋನ್ ನಂಬರ್ ಬರೆದಿರಲ್ಲ, ಮತ್ತೆ ಕೌಂಟರ್‌ಗೆ ಹೋಗಿ ಕೇಳ್ಬೇಕು." ಮಾಲೀಕರ ಪಟ್ಟಿಯಲ್ಲಿ ಇಲ್ಲದ ಆ ಹದಿನೈದು ಸಾಲುಗಳಲ್ಲೇ ದಿನಗಳೂ ದುಡ್ಡೂ ಸೋರಿಹೋಗುವುದು.

ಕೆಲಸದ ನಕ್ಷೆ ಬರೆಯುವುದು ಆ ಸಾಲುಗಳನ್ನು ಕಣ್ಣಿಗೆ ಕಾಣಿಸಲಿಕ್ಕೆ. ಗೋಡೆಗೆ ಅಂಟಿಸಲು ಚೆಂದದ ಚಿತ್ರ ಬೇಕಿದ್ದರೆ ಅದು ಬೇರೆ ವಿಷಯ. ಇಲ್ಲಿ ನಾನು ಹೇಳುವುದೆಲ್ಲ ಒಂದೇ ಮಾತಿನ ಸುತ್ತ ಇದೆ: ಒಬ್ಬರು ಕೆಲಸ ಮಾಡುತ್ತಿರುವಾಗ ಆಗುವ ವಿಳಂಬಕ್ಕಿಂತ, ಆ ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವ ಮಧ್ಯೆ ಆಗುವ ವಿಳಂಬವೇ ಜಾಸ್ತಿ. ನಕ್ಷೆಯಲ್ಲಿ ಆ ಜಾಗಗಳು ಕಾಣದಿದ್ದರೆ ಬರೆದೂ ಪ್ರಯೋಜನವಿಲ್ಲ.

ಉದಾಹರಣೆಗೆ ಒಂದು ಲ್ಯಾಪ್‌ಟಾಪ್ ರಿಪೇರಿ ಕೇಂದ್ರವನ್ನು ಇಟ್ಟುಕೊಳ್ಳೋಣ. ಅದು ಸೇವೆಯೂ ಹೌದು, ಬಿಡಿಭಾಗಗಳ ಸ್ಟಾಕ್ ಇರುವುದರಿಂದ ಅರ್ಧ ಸರಕಿನ ವ್ಯವಹಾರವೂ ಹೌದು. ಅಂಕಿಗಳು ಲೆಕ್ಕ ತೋರಿಸಲು ನಾನೇ ಇಟ್ಟುಕೊಂಡವು. ನಿಮ್ಮದು ಬಟ್ಟೆ ಹೊಲಿಯುವ ಘಟಕವಿರಲಿ, ಅಕೌಂಟ್ಸ್ ಆಫೀಸ್ ಇರಲಿ, ದಾರಿ ಇದೇ.

ಹಂತ 1: ಮಾತು ಕೊಟ್ಟಿದ್ದೇನು, ಗಡಿ ಎಲ್ಲಿ

ಮೊದಲು ಒಂದೇ ಸಾಲು ಬರೆಯಿರಿ. ನೀವು ಗ್ರಾಹಕರಿಗೆ ಏನು ಕೊಡುತ್ತೀರಿ, ಎಷ್ಟು ದಿನದಲ್ಲಿ, ಯಾವ ಗುಣಮಟ್ಟದಲ್ಲಿ? "ಕೆಟ್ಟ ಲ್ಯಾಪ್‌ಟಾಪನ್ನು ಮೂರು ಕೆಲಸದ ದಿನಗಳಲ್ಲಿ ರಿಪೇರಿ ಮಾಡಿ, ಪರೀಕ್ಷಿಸಿ, ಡೇಟಾ ಹಾಳಾಗದಂತೆ ವಾಪಸ್ ಕೊಡುತ್ತೇವೆ." ಈ ಸಾಲಿನಲ್ಲಿ ಇಲ್ಲದ್ದನ್ನು ಅಳೆಯುವ ಅಗತ್ಯ ಸದ್ಯಕ್ಕಿಲ್ಲ. ಇದರಲ್ಲಿ ಇರುವ ಒಂದೊಂದು ಪದಕ್ಕೂ ನಕ್ಷೆಯಲ್ಲಿ ಯಾರೋ ಒಬ್ಬರು ಹೊಣೆ ಹೊರಬೇಕು.

ಆಮೇಲೆ ಗಡಿ. ಕೆಲಸ ಶುರುವಾಗುವುದು ಗ್ರಾಹಕರು ಫೋನ್ ಮಾಡಿದಾಗಲೋ, ಕೌಂಟರ್‌ಗೆ ಬಂದಾಗಲೋ? ಮುಗಿಯುವುದು ಬಿಲ್ ಕಟ್ಟಿದಾಗಲೋ, ವಾರಂಟಿ ಅವಧಿ ಕಳೆದಾಗಲೋ? ಎರಡನ್ನೂ ಬರೆದಿಡಿ. ಇಲ್ಲದಿದ್ದರೆ ಅರ್ಧ ದಾರಿಯಲ್ಲಿ ಜಾಹೀರಾತು, ನೇಮಕಾತಿ, ತೆರಿಗೆ ಎಲ್ಲ ಒಳಗೆ ನುಗ್ಗಿ ನಕ್ಷೆ ಕೈತಪ್ಪುತ್ತದೆ.

ಈಗ ಒಂದು ಹಾಳೆಯಲ್ಲಿ ಐದು ಕಾಲಂ ಹಾಕಿ: ಸರಕು ಅಥವಾ ಮಾಹಿತಿ ಕೊಡುವವರು, ಅವರು ಕೊಡುವುದು, ನಮ್ಮ ಕೆಲಸ, ಅದರಿಂದ ಹೊರಬರುವುದು, ಅದನ್ನು ಪಡೆಯುವವರು. ಈ ಐದರ ಇಂಗ್ಲಿಷ್ ಹೆಸರುಗಳ ಮೊದಲಕ್ಷರ ಸೇರಿಸಿ ಇದನ್ನು ಸೈಪಾಕ್ (SIPOC) ಎಂದು ಕರೆಯುತ್ತಾರೆ. ಮಧ್ಯದ ಕಾಲಂನಲ್ಲಿ ಐದರಿಂದ ಏಳು ದೊಡ್ಡ ಹಂತಗಳು ಸಾಕು. ಅರ್ಧ ಗಂಟೆಯ ಕೆಲಸ. ಇದರ ಮೇಲೆ ಸಭೆ ಕರೆಯುವವರನ್ನು ನಂಬಬೇಡಿ.

ಹಂತ 2: ಒಂದು ಆರ್ಡರ್‌ನ ಹಿಂದೆ ನಡೆಯಿರಿ

ಕೋಣೆಯಲ್ಲಿ ಕೂತು ಬರೆದ ನಕ್ಷೆಯಲ್ಲಿ ಎಲ್ಲವೂ ಸಲೀಸಾಗಿ ನಡೆಯುತ್ತದೆ. ಹಾಗಾಗಿ ಎದ್ದು ಹೋಗಿ. ಇವತ್ತು ಬಂದ ಒಂದು ಆರ್ಡರ್ ಹಿಡಿದುಕೊಂಡು, ಅದು ಹೋದಲ್ಲೆಲ್ಲ ಹೋಗಿ, ಪ್ರತಿ ಹಂತದಲ್ಲೂ ಶುರುವಾದ ಹೊತ್ತು ಮತ್ತು ಮುಗಿದ ಹೊತ್ತು ಗುರುತಿಸಿ. ಒಂದು ಸಲೀಸಾಗಿ ಹೋದ ಆರ್ಡರ್, ಒಂದು ಕಿರಿಕಿರಿ ಕೊಟ್ಟ ಆರ್ಡರ್, ಒಂದು ಅರ್ಧಕ್ಕೇ ರದ್ದಾದ ಆರ್ಡರ್, ಹೀಗೆ ಬೇರೆ ಬೇರೆ ಬಗೆಯವು ಸಿಕ್ಕರೆ ಒಳ್ಳೆಯದು.

ಕೇಳುವ ರೀತಿಯೂ ಮುಖ್ಯ. "ನೀವು ಇದನ್ನು ಹೇಗೆ ಮಾಡ್ತೀರಿ?" ಅಂದರೆ ಜನ ನಿಯಮ ಹೇಳುತ್ತಾರೆ. "ನಿನ್ನೆ ಕೊನೆಯ ಆರ್ಡರ್ ಬಂದಾಗ ಏನು ಮಾಡಿದ್ರಿ?" ಅಂದರೆ ನಡೆದದ್ದು ಹೇಳುತ್ತಾರೆ. ಅದರ ಜೊತೆಗೆ ಇನ್ನೆರಡು ಪ್ರಶ್ನೆ: ನಿಮಗೆ ಬರಬೇಕಾದ್ದು ಪೂರ್ತಿ ಬಾರದಿದ್ದರೆ ಏನು ಮಾಡ್ತೀರಿ? ನೀವು ರಜೆ ಹಾಕಿದ ದಿನ ಇದನ್ನು ಯಾರು ಮಾಡ್ತಾರೆ? ಎರಡನೆಯದಕ್ಕೆ ಉತ್ತರ ಬರದಿದ್ದರೆ ಅಲ್ಲೇ ಒಂದು ಕೆಂಪು ಗುರುತು ಹಾಕಿ.

ಹಂತಗಳ ಹೆಸರಿನಲ್ಲಿ ಕೆಲಸ ಕಾಣಬೇಕು. "ಎಸ್ಟಿಮೇಟ್" ಎಂದಷ್ಟೇ ಬರೆದರೆ ಮಾಡುವುದೋ, ಕಳಿಸುವುದೋ, ಒಪ್ಪಿಸುವುದೋ ತಿಳಿಯದು. "ಎಸ್ಟಿಮೇಟ್ ಬರೆದು ಗ್ರಾಹಕರಿಗೆ ಕಳಿಸುವುದು" ಎಂದು ಬರೆಯಿರಿ.

ಕಾಯುವುದನ್ನೂ ಒಂದು ಹಂತವಾಗಿಯೇ ಬರೆಯಬೇಕು. ಇದು ಹೊಸ ಮಾತೇನಲ್ಲ. ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿ 1921ರಲ್ಲೇ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್‌ಗಳ ಸಂಘದ ಮುಂದೆ ಕೆಲಸವನ್ನು ಹಂತ ಹಂತವಾಗಿ ಚಿತ್ರಿಸುವ ವಿಧಾನ ಇಟ್ಟಿದ್ದರು. ಆ ಸಂಘ 1947ರಲ್ಲಿ ಐದು ಗುರುತುಗಳನ್ನು ಪಕ್ಕಾ ಮಾಡಿತು: ಕೆಲಸ, ಸಾಗಣೆ, ತಪಾಸಣೆ, ಕಾಯುವುದು, ದಾಸ್ತಾನು. ಇವುಗಳಲ್ಲಿ ಗ್ರಾಹಕರು ದುಡ್ಡು ಕೊಡುವುದು ಬಹುಪಾಲು ಮೊದಲನೆಯದಕ್ಕೆ. ಉಳಿದ ನಾಲ್ಕನ್ನು ನಾವು ನಕ್ಷೆಯಿಂದಲೇ ಬಿಟ್ಟುಬಿಡುತ್ತೇವೆ!

ಹಂತ 3: ಲೇನ್ ಹಾಕಿ ಬರೆಯಿರಿ

ದೊಡ್ಡ ಹಾಳೆ, ಸ್ಟಿಕಿ ನೋಟ್, ಪೆನ್ಸಿಲ್ ಸಾಕು. ಮೊದಲ ದಿನವೇ ಸಾಫ್ಟ್‌ವೇರ್ ತೆರೆದರೆ ಬಾಣದ ಬಣ್ಣ ಆರಿಸುವುದರಲ್ಲಿ ಹೊತ್ತು ಹೋಗುತ್ತದೆ.

ಹಾಳೆಯನ್ನು ಅಡ್ಡಡ್ಡ ಪಟ್ಟಿಗಳಾಗಿ ಭಾಗ ಮಾಡಿ. ಪ್ರತಿ ವ್ಯಕ್ತಿಗೆ ಅಥವಾ ವಿಭಾಗಕ್ಕೆ ಒಂದು ಪಟ್ಟಿ, ಅಂದರೆ ಒಂದು ಲೇನ್. ಎಲ್ಲಕ್ಕಿಂತ ಮೇಲಿನ ಲೇನ್ ಗ್ರಾಹಕರದ್ದು. ಸಪ್ಲೈಯರ್‌ಗೂ ಒಂದು ಕೊಡಿ. ಹೊತ್ತು ಎಡದಿಂದ ಬಲಕ್ಕೆ ಸಾಗುತ್ತದೆ. ಕೆಲಸಕ್ಕೆ ಚೌಕ, "ಹೌದು, ಇಲ್ಲ" ಎಂದು ದಾರಿ ಒಡೆಯುವಲ್ಲಿ ವಜ್ರಾಕಾರ, ಶುರು ಮತ್ತು ಕೊನೆಗೆ ದುಂಡನೆಯ ಚಿತ್ರ. ಇಂಥ ನಕ್ಷೆಗಳಿಗೆಂದೇ ಬಿಪಿಎಂಎನ್ (BPMN) ಎಂಬ ದೊಡ್ಡ ಗುರುತು ಪದ್ಧತಿಯೇ ಇದೆ. ಅದರ ಎರಡನೇ ಆವೃತ್ತಿ 2011ರಲ್ಲಿ ಬಂತು, 2013ರಲ್ಲಿ ಐಎಸ್‌ಒ ಮಾನಕವೂ ಆಯಿತು. ಸಾಫ್ಟ್‌ವೇರ್ ಮೂಲಕ ಕೆಲಸ ಓಡಿಸುವ ದೊಡ್ಡ ಸಂಸ್ಥೆಗಳಿಗೆ ಅದು ಬೇಕು. ನಿಮ್ಮ ಟೆಕ್ನಿಷಿಯನ್ ನೋಡಿದ ತಕ್ಷಣ ಓದಲಾಗದ ಗುರುತನ್ನು ಬಳಸಬೇಡಿ.

ಸೇವೆಯ ವ್ಯವಹಾರವಾದರೆ ಇನ್ನೊಂದು ಗೆರೆ ಬೇಕು. 1984ರಲ್ಲಿ ಲಿನ್ ಶೋಸ್ಟಾಕ್ ಎಂಬುವರು ಸೇವೆಗಳಿಗೂ ನೀಲನಕ್ಷೆ ಬರೆಯಬಹುದೆಂದು ತೋರಿಸಿದಾಗ, ಗ್ರಾಹಕರಿಗೆ ಕಾಣುವ ಕೆಲಸವನ್ನೂ ಕಾಣದ ಕೆಲಸವನ್ನೂ ಬೇರೆ ಮಾಡುವ ಒಂದು ಗೆರೆ ಎಳೆದರು. ಕೌಂಟರ್‌ನವರು ಮಾತಾಡುವುದು ಗೆರೆಯ ಮೇಲೆ, ಟೆಕ್ನಿಷಿಯನ್ ಬಿಚ್ಚಿ ನೋಡುವುದು ಕೆಳಗೆ. ಇದರಿಂದ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಗೆರೆಯ ಕೆಳಗೆ ಎರಡು ದಿನ ಜೋರಾಗಿ ಕೆಲಸ ನಡೆದಿರುತ್ತದೆ, ಮೇಲೆ ಗ್ರಾಹಕರಿಗೆ ಬರೀ ಮೌನ. ಅವರು ಫೋನ್ ಮೇಲೆ ಫೋನ್ ಮಾಡುವುದು ಆಗಲೇ. ಆ ಫೋನ್ ಎತ್ತುವುದೂ ಕೆಲಸವೇ ಅಲ್ವಾ? ಅದನ್ನೂ ಬರೆಯಿರಿ.

ಈಗ ಬಾಣ ಒಂದು ಲೇನ್‌ನಿಂದ ಇನ್ನೊಂದಕ್ಕೆ ದಾಟುವ ಪ್ರತಿ ಜಾಗಕ್ಕೂ ಸುತ್ತು ಹಾಕಿ. ಅಲ್ಲೇ ಕೈ ಬದಲಾಗುತ್ತದೆ. ಪ್ರತಿ ಸುತ್ತಿನ ಪಕ್ಕ ಐದು ಉತ್ತರ ಬರೆಯಿರಿ:

- ಏನು ದಾಟುತ್ತಿದೆ? ವಸ್ತುವೋ, ಮಾಹಿತಿಯೋ, ಎರಡೂನೋ?
- ಅದು ಯಾವ ಸ್ಥಿತಿಯಲ್ಲಿದ್ದರೆ ಮುಂದಿನವರು ತೆಗೆದುಕೊಳ್ಳುತ್ತಾರೆ?
- ಬಂತು ಎಂದು ಅವರಿಗೆ ಹೇಗೆ ಗೊತ್ತಾಗುತ್ತದೆ?
- ಎಷ್ಟು ಹೊತ್ತಿನೊಳಗೆ ಎತ್ತಿಕೊಳ್ಳಬೇಕು?
- ಎತ್ತಿಕೊಳ್ಳದಿದ್ದರೆ ಯಾರು ಗಮನಿಸುತ್ತಾರೆ?

ಮೂರನೇ ಪ್ರಶ್ನೆಯನ್ನು ಹಗುರವಾಗಿ ತಗೋಬೇಡಿ. ಕೌಂಟರ್‌ನವರು ಲ್ಯಾಪ್‌ಟಾಪನ್ನು ಶೆಲ್ಫ್‌ನಲ್ಲಿಟ್ಟು "ಕೊಟ್ಟಾಯ್ತು" ಅಂದುಕೊಳ್ಳುತ್ತಾರೆ. ಟೆಕ್ನಿಷಿಯನ್ ಯಾರಾದರೂ ಹೇಳಲಿ ಎಂದು ಕಾಯುತ್ತಾರೆ. ಇಬ್ಬರದೂ ತಪ್ಪಿಲ್ಲ, ಲ್ಯಾಪ್‌ಟಾಪ್ ಮಾತ್ರ ಅಲ್ಲೇ ಸುಮ್ನೆ ಕೂತಿರುತ್ತದೆ.

ಹಂತ 4: ಪ್ರತಿ ಚೌಕಕ್ಕೂ ಎರಡು ಹೊತ್ತು ಬರೆಯಿರಿ

ಕೈ ಆಡಿದ ಹೊತ್ತು ಒಂದು, ಆಮೇಲೆ ಕಾದ ಹೊತ್ತು ಇನ್ನೊಂದು. ನಮ್ಮ ರಿಪೇರಿ ಕೇಂದ್ರದಲ್ಲಿ ಒಂದು ಲ್ಯಾಪ್‌ಟಾಪ್‌ನ ಪಯಣ ಹೀಗಿದೆ ಎನ್ನೋಣ. ದಿನಕ್ಕೆ 8 ಗಂಟೆ ಕೇಂದ್ರ ತೆರೆದಿರುತ್ತದೆ.

- ಕೌಂಟರ್‌ನಲ್ಲಿ ಪಡೆದು ಜಾಬ್ ಶೀಟ್ ಬರೆಯುವುದು: 10 ನಿಮಿಷ. ಟೆಕ್ನಿಷಿಯನ್‌ಗಾಗಿ ಕಾಯುವುದು: 8 ಗಂಟೆ.
- ಬಿಚ್ಚಿ ದೋಷ ಹುಡುಕುವುದು: 40 ನಿಮಿಷ. ಎಸ್ಟಿಮೇಟ್‌ಗಾಗಿ ಕಾಯುವುದು: 4 ಗಂಟೆ.
- ಎಸ್ಟಿಮೇಟ್ ಬರೆದು ಕಳಿಸುವುದು: 10 ನಿಮಿಷ. ಗ್ರಾಹಕರ ಒಪ್ಪಿಗೆಗೆ ಕಾಯುವುದು: 12 ಗಂಟೆ.
- ಬಿಡಿಭಾಗ ಆರ್ಡರ್ ಮಾಡುವುದು: 10 ನಿಮಿಷ. ಬರುವವರೆಗೆ ಕಾಯುವುದು: 16 ಗಂಟೆ.
- ರಿಪೇರಿ: 60 ನಿಮಿಷ. ಟೆಸ್ಟ್‌ಗೆ ಕಾಯುವುದು: 3 ಗಂಟೆ.
- ಟೆಸ್ಟ್: 30 ನಿಮಿಷ. ಗ್ರಾಹಕರಿಗೆ ತಿಳಿಸುವವರೆಗೆ ಕಾಯುವುದು: 2 ಗಂಟೆ.
- "ರೆಡಿ ಇದೆ ಬನ್ನಿ" ಎಂದು ಫೋನ್ ಮಾಡುವುದು: 5 ನಿಮಿಷ.

ಕೂಡಿಸಿ ನೋಡಿ. ಕೆಲಸ 165 ನಿಮಿಷ, ಅಂದರೆ ಮೂರು ಗಂಟೆಯೂ ಇಲ್ಲ. ಕಾಯುವುದು 45 ಗಂಟೆ. ಒಟ್ಟು ಸುಮಾರು 48 ಗಂಟೆ, ಅಂದರೆ ಆರು ಕೆಲಸದ ದಿನ. ಅದರಲ್ಲಿ ಯಾರದೋ ಕೈ ಆಡಿದ್ದು ಸುಮಾರು 6 ಶೇಕಡಾ ಹೊತ್ತು.

"ಹುಡುಗರು ನಿಧಾನ" ಎಂದು ಮಾಲೀಕರು ಗೊಣಗುವುದು ಇಂಥ ಕಡೆಯೇ. ರಿಪೇರಿಯನ್ನು 20 ಶೇಕಡಾ ವೇಗ ಮಾಡಿಸಿದರೂ ಉಳಿಯುವುದು 12 ನಿಮಿಷ. ಅದರ ಬದಲು, ಲ್ಯಾಪ್‌ಟಾಪ್ ಪಡೆಯುವಾಗಲೇ ಕೌಂಟರ್‌ನಲ್ಲಿ "ಇಷ್ಟು ಮೊತ್ತದವರೆಗೆ ಖರ್ಚು ಬಂದರೆ ಕೇಳದೆ ಮುಂದುವರಿಸಬಹುದೇ?" ಎಂದು ಕೇಳಿ ಸಹಿ ಹಾಕಿಸಿಕೊಂಡರೆ, ಅಂಥ ಕೆಲಸಗಳಲ್ಲಿ 12 ಗಂಟೆ ಮಾಯ. ಜಾಸ್ತಿ ಓಡುವ ಬಿಡಿಭಾಗಗಳನ್ನು ಸ್ಟಾಕ್ ಇಟ್ಟರೆ ಇನ್ನೂ 16 ಗಂಟೆ ಹೋಗುತ್ತದೆ. ಆರು ದಿನದ ಕೆಲಸ ಎರಡೂವರೆ ದಿನಕ್ಕೆ ಬಂತು. ಯಾರೂ ಬೆವರು ಜಾಸ್ತಿ ಹರಿಸಲಿಲ್ಲ.

ಇಷ್ಟೆಲ್ಲ ಅಳೆಯಲು ಹೊತ್ತಿಲ್ಲವೇ? ಅಡ್ಡದಾರಿ ಒಂದಿದೆ. ಜಾನ್ ಲಿಟಲ್ 1961ರಲ್ಲಿ ಸಾಬೀತು ಮಾಡಿದ ಸೂತ್ರ: ಒಳಗೆ ಇರುವ ಕೆಲಸಗಳ ಸರಾಸರಿ ಸಂಖ್ಯೆ ಎಂದರೆ, ದಿನಕ್ಕೆ ಬರುವ ಕೆಲಸ ಗುಣಿಸು ಒಂದು ಕೆಲಸ ಒಳಗಿರುವ ಸರಾಸರಿ ದಿನ. ಶೆಲ್ಫ್, ಮೇಜು, ಕಪಾಟು ಎಲ್ಲ ಎಣಿಸಿದಾಗ 72 ಲ್ಯಾಪ್‌ಟಾಪ್ ಇವೆ, ದಿನಕ್ಕೆ 12 ಬರುತ್ತವೆ, 12 ಹೋಗುತ್ತವೆ ಎಂದಾದರೆ, ಪ್ರತಿಯೊಂದೂ ಸರಾಸರಿ 6 ದಿನ ಇರುತ್ತದೆ. ಗಡಿಯಾರವೇ ಬೇಡ. ವ್ಯವಹಾರ ಒಂದೇ ಹದದಲ್ಲಿ ಓಡುತ್ತಿರಬೇಕು, ಅಷ್ಟೇ.

ಹಂತ 5: ಯಾರ ಮೇಲೆ ಎಷ್ಟು ಹೊರೆ

ಊಟ, ವಿರಾಮ ಕಳೆದರೆ ಒಬ್ಬರಿಗೆ ದಿನಕ್ಕೆ 420 ನಿಮಿಷ ಸಿಗುತ್ತದೆ ಎನ್ನೋಣ. ದಿನಕ್ಕೆ 12 ಲ್ಯಾಪ್‌ಟಾಪ್. ಟೆಕ್ನಿಷಿಯನ್ ಕೆಲಸ ಒಂದಕ್ಕೆ 100 ನಿಮಿಷ: ದೋಷ ಹುಡುಕಲು 40, ರಿಪೇರಿಗೆ 60. ಒಟ್ಟು 1,200 ನಿಮಿಷ ಬೇಕು. ಮೂವರು ಇದ್ದಾರೆ, 1,260 ನಿಮಿಷ ಇದೆ. ಸಾಕಾಗುತ್ತದೆ, ಅನಿಸುತ್ತದೆ.

ಸಾಕಾಗುವುದಿಲ್ಲ. ಅವರು 95 ಶೇಕಡಾ ಹೊತ್ತು ಬ್ಯುಸಿ. ಗ್ರಾಹಕರು ಗಂಟೆಗೆ ಇಷ್ಟು ಎಂದು ಸಾಲಾಗಿ ಬರುವುದಿಲ್ಲ, ಒಂದೊಂದು ಕೆಲಸಕ್ಕೂ ಬೇರೆ ಬೇರೆ ಹೊತ್ತು ಹಿಡಿಯುತ್ತದೆ. ಹೀಗೆ ಏರುಪೇರು ಇದ್ದಾಗ ಸರದಿ ಹೇಗೆ ಬೆಳೆಯುತ್ತದೆ ಎನ್ನುವುದಕ್ಕೆ ಗಣಿತವಿದೆ. ಕೆಲಸ ಮಾಡುವವರು ಒಬ್ಬರೇ ಇರುವ ಸರಳ ಲೆಕ್ಕದಲ್ಲಿ, ಅವರು 80 ಶೇಕಡಾ ಬ್ಯುಸಿ ಇದ್ದರೆ ಸರಾಸರಿ ಕಾಯುವಿಕೆ ಒಂದು ಕೆಲಸದ ಹೊತ್ತಿನ 4 ಪಟ್ಟು. 90 ಶೇಕಡಾ ಆದರೆ 9 ಪಟ್ಟು. 95 ಆದರೆ 19 ಪಟ್ಟು. ಮೂವರು ಒಂದೇ ಸರದಿಯಿಂದ ಎತ್ತಿಕೊಂಡರೆ ಇಷ್ಟು ಕೆಡುವುದಿಲ್ಲ, ಆದರೆ ಏರುವ ಬಗೆ ಅದೇ. ಮೇಲಿನ ಪಟ್ಟಿಯಲ್ಲಿ ಟೆಕ್ನಿಷಿಯನ್‌ಗಾಗಿ 8 ಗಂಟೆ ಕಾಯುವುದಕ್ಕೆ ಕಾರಣ ಇಲ್ಲಿದೆ. ಎಲ್ಲರೂ ಪೂರ್ತಿ ದಿನ ಬ್ಯುಸಿ ಇರಬೇಕು ಎನ್ನುವ ಆಸೆಯೇ ಗ್ರಾಹಕರನ್ನು ಕಾಯಿಸುತ್ತದೆ. ಕೆಲವು ಮಾಲೀಕರಿಗೆ ಇದು ಗಂಟಲಲ್ಲಿ ಇಳಿಯುವುದಿಲ್ಲ.

ಮುಂದಿನ ವರ್ಷ ದಿನಕ್ಕೆ 14 ಬಂದರೆ? 1,400 ನಿಮಿಷ ಬೇಕು, ಇರುವುದು 1,260. ದಿನಕ್ಕೆ 140 ನಿಮಿಷ ಕೊರತೆ. ಐದು ದಿನಕ್ಕೆ 7 ಲ್ಯಾಪ್‌ಟಾಪ್ ಬಾಕಿ ಉಳಿಯುತ್ತವೆ, ಅದು ಬೆಳೆಯುತ್ತಲೇ ಹೋಗುತ್ತದೆ. ಸರಿ, ನಾಲ್ಕನೆಯವರನ್ನು ತಗೊಂಡಿರಿ. ಈಗ ಟೆಸ್ಟ್ ಕಡೆ ನೋಡಿ. ಅಲ್ಲಿರುವುದು ಒಬ್ಬರೇ, ಒಂದಕ್ಕೆ 30 ನಿಮಿಷ. 14 ಬಂದರೆ 420 ನಿಮಿಷ, ಅವರ ಇಡೀ ದಿನ. ಬಾಟಲ್‌ನೆಕ್ ಹೋಗಲಿಲ್ಲ, ಪಕ್ಕದ ಮೇಜಿಗೆ ಬಂತು. ನಿರ್ವಹಣೆಯ ಬಗ್ಗೆ ಬರೆದ ಎಲಿಯಾಹು ಗೋಲ್ಡ್‌ರಾಟ್ 1980ರ ದಶಕದಲ್ಲಿ ಒತ್ತಿ ಹೇಳಿದ್ದು ಇದನ್ನೇ: ಇಡೀ ವ್ಯವಸ್ಥೆಯ ವೇಗ ಅದರ ಅತಿ ಇಕ್ಕಟ್ಟಾದ ಜಾಗದ ವೇಗ. ಬೇರೆ ಕಡೆ ಉಳಿಸಿದ ಹೊತ್ತು ಆ ಇಕ್ಕಟ್ಟಿನ ಮುಂದೆ ರಾಶಿಯಾಗಿ ನಿಲ್ಲುತ್ತದೆ. ಹೊಸಬರನ್ನು ನೇಮಿಸುವ ಮುಂಚೆ ಈ ಕೂಡಿ ಕಳೆಯುವ ಲೆಕ್ಕವನ್ನು ಪ್ರತಿ ಲೇನ್‌ಗೂ ಮಾಡಿ.

ಹಂತ 6: ಸರಕು, ದುಡ್ಡು

ಸ್ಟಾಕ್ ಬಗ್ಗೆ ಚುಟುಕಾಗಿ. ಮತ್ತೆ ಯಾವಾಗ ಆರ್ಡರ್ ಹಾಕಬೇಕು? ದಿನದ ಬಳಕೆ ಗುಣಿಸು ಸರಕು ಬರಲು ಹಿಡಿಯುವ ದಿನ, ಅದಕ್ಕೆ ಒಂದಿಷ್ಟು ಮೀಸಲು. ದಿನಕ್ಕೆ 3 ಸ್ಕ್ರೀನ್, ಬರಲು 5 ದಿನ, ಮೀಸಲು 6 ಎಂದರೆ, 21ಕ್ಕೆ ಇಳಿದ ಕೂಡಲೇ ಆರ್ಡರ್ ಹೋಗಬೇಕು. ಆ ಸಂಖ್ಯೆಯನ್ನು ಡಬ್ಬಿಯ ಮೇಲೇ ಬರೆದು ಅಂಟಿಸಿ. ಅಪರೂಪದ, ದುಬಾರಿ ಭಾಗಗಳಿಗೆ ಇದು ಬೇಡ. ಬೇಕಾದಾಗ ತರಿಸಿದರಾಯಿತು.

ದುಡ್ಡಿನ ಬಾಣವನ್ನೂ ಬೇರೆ ಬಣ್ಣದಲ್ಲಿ ಎಳೆಯಿರಿ. ಸರಕು 30 ದಿನ ಸ್ಟಾಕ್‌ನಲ್ಲಿದ್ದು, ಮಾರಿದ 20 ದಿನಕ್ಕೆ ದುಡ್ಡು ಬಂದು, ಸಪ್ಲೈಯರ್‌ಗೆ ನೀವು 15 ದಿನದಲ್ಲೇ ಕೊಡುವುದಾದರೆ, 35 ದಿನ ನಿಮ್ಮ ಜೇಬಿನ ದುಡ್ಡಲ್ಲೇ ವ್ಯವಹಾರ ಓಡಬೇಕು. ಆರ್ಡರ್ ಜಾಸ್ತಿ ಆದಷ್ಟೂ ಕೈ ಬರಿದಾಗುವುದು ಹೀಗೆ.

ಹಂತ 7: "ಇಲ್ಲ" ಎಂಬ ಬಾಣ ಎಲ್ಲಿಗೆ ಹೋಗುತ್ತದೆ?

ಬಹಳಷ್ಟು ನಕ್ಷೆಗಳಲ್ಲಿ "ಟೆಸ್ಟ್ ಪಾಸ್ ಆಯಿತೇ?" ಎಂಬ ವಜ್ರದಿಂದ "ಹೌದು" ಮಾತ್ರ ಹೊರಡುತ್ತದೆ. ಫೇಲ್ ಆದದ್ದು ಯಾರ ಮೇಜಿಗೆ? ಸರದಿಯ ಮುಂದಕ್ಕೋ, ಹಿಂದಕ್ಕೋ? ಗ್ರಾಹಕರಿಗೆ ತಡವಾಗುತ್ತದೆ ಎಂದು ಹೇಳುವವರು ಯಾರು? ಪ್ರತಿ "ಇಲ್ಲ"ಕ್ಕೂ ದಾರಿ ತೋರಿಸಿ.

ಚಿಕ್ಕ ಚಿಕ್ಕ ತಪ್ಪು ಎಂದು ಬಿಡುವಂತಿಲ್ಲ. ಎಂಟು ಹಂತಗಳಲ್ಲಿ ಪ್ರತಿಯೊಂದೂ 95 ಶೇಕಡಾ ಸರಿ ಇದ್ದರೂ, ಎಲ್ಲೂ ಎಡವದೆ ಮೊದಲ ಸಲಕ್ಕೇ ಕೊನೆ ಮುಟ್ಟುವುದು 66 ಶೇಕಡಾ ಕೆಲಸ ಮಾತ್ರ. ಮೂರರಲ್ಲಿ ಒಂದು ಎಲ್ಲೋ ಹಿಂದಕ್ಕೆ ಬರುತ್ತದೆ. ಹಾಗೆ ಹಿಂದೆ ಬಂದದ್ದಕ್ಕೂ ಅದೇ ಟೆಕ್ನಿಷಿಯನ್‌ನ ಹೊತ್ತು ಬೇಕು. ಮೊದಲೇ 95 ಶೇಕಡಾ ಬ್ಯುಸಿ ಇದ್ದವರು ಅವರು.

ತಪಾಸಣೆ ಹೆಚ್ಚಿಸುವುದಕ್ಕಿಂತ, ತಪ್ಪೇ ದಾಟದಂತೆ ಮಾಡುವುದು ಮೇಲು. ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ಇದಕ್ಕೆ ಪೋಕಾ ಯೋಕೆ ಎಂಬ ಹೆಸರು ಕೊಟ್ಟರು. ಜಾಬ್ ಶೀಟ್‌ನಲ್ಲಿ ಚಾರ್ಜರ್ ಕೊಟ್ಟರೇ, ಪಾಸ್‌ವರ್ಡ್ ಬರೆದಿದೆಯೇ, ಬ್ಯಾಕಪ್ ಬೇಕೇ ಎಂಬ ಮೂರು ಜಾಗ ತುಂಬದಿದ್ದರೆ ಟೋಕನ್ ನಂಬರೇ ಪ್ರಿಂಟ್ ಆಗಬಾರದು. ಅಷ್ಟು ಮಾಡಿದರೆ ಮಧ್ಯಾಹ್ನ ಟೆಕ್ನಿಷಿಯನ್ ಕೆಲಸ ಬಿಟ್ಟು "ಪಾಸ್‌ವರ್ಡ್ ಏನಂತೆ?" ಎಂದು ಕೌಂಟರ್‌ಗೆ ಬರುವುದು ನಿಲ್ಲುತ್ತದೆ.

ಹೊಣೆ ಹಂಚುವಾಗ ದೊಡ್ಡ ಕೋಷ್ಟಕಗಳು ಬೇಡ. ಯಾರು ಮಾಡುವವರು, ಕೊನೆಗೆ ಯಾರು ಹೊಣೆ, ಯಾರ ಸಲಹೆ ಕೇಳಬೇಕು, ಯಾರಿಗೆ ತಿಳಿಸಬೇಕು ಎಂದು ನಾಲ್ಕು ಕಾಲಂ ತುಂಬುವ ಪದ್ಧತಿ ಇದೆ. ಚಿಕ್ಕ ತಂಡಕ್ಕೆ ಒಂದು ಕಾಲಂ ಸಾಕು: ಇದು ನಿಂತರೆ ಯಾರನ್ನು ಕೇಳಬೇಕು? ಅಲ್ಲಿ ಒಂದೇ ಹೆಸರು ಇರಬೇಕು. ಎರಡು ಬರೆದರೆ ಯಾರೂ ಇಲ್ಲ ಎಂದೇ ಲೆಕ್ಕ.

ಹಂತ 8: ಬದಲಾಯಿಸುವಾಗ

ಇಲ್ಲಿವರೆಗೆ ಬರೆದದ್ದು ಈಗ ನಡೆಯುತ್ತಿರುವುದರ ನಕ್ಷೆ. ಇನ್ನೊಂದು ಹಾಳೆ ತೆಗೆದುಕೊಂಡು ಹೇಗೆ ನಡೆಯಬೇಕು ಎಂಬುದನ್ನು ಬರೆಯಿರಿ. ಪ್ರತಿ ಚೌಕಕ್ಕೂ ನಾಲ್ಕು ಪ್ರಶ್ನೆ, ಇದೇ ಕ್ರಮದಲ್ಲಿ: ತೆಗೆದುಹಾಕಬಹುದೇ? ಇನ್ನೊಂದರ ಜೊತೆ ಸೇರಿಸಬಹುದೇ? ಹಿಂದೆ ಮುಂದೆ ಮಾಡಬಹುದೇ? ಸುಲಭ ಮಾಡಬಹುದೇ? ಸಾಫ್ಟ್‌ವೇರ್ ಇದೆಲ್ಲದರ ನಂತರ. ಬೇಡದ ಹಂತವನ್ನು ಕಂಪ್ಯೂಟರ್‌ಗೆ ಹಾಕಿಸಿದರೆ ಆಮೇಲೆ ಅದನ್ನು ತೆಗೆಯುವುದಕ್ಕೂ ದುಡ್ಡು ಕೊಡಬೇಕಾಗುತ್ತದೆ.

ಒಮ್ಮೆಲೇ ಎಲ್ಲ ಬದಲಿಸಬೇಡಿ. ಒಂದು ಬಗೆಯ ಕೆಲಸ, ಉದಾಹರಣೆಗೆ ಸ್ಕ್ರೀನ್ ಬದಲಿಸುವುದನ್ನು ಮಾತ್ರ ಎರಡು ವಾರ ಹೊಸ ದಾರಿಯಲ್ಲಿ ಓಡಿಸಿ. ನಾಲ್ಕು ಅಂಕಿ ಬರೆದಿಡಿ: ಒಳಗೆ ಎಷ್ಟು ಬಾಕಿ ಇವೆ, ಮಾತು ಕೊಟ್ಟ ದಿನಕ್ಕೆ ಎಷ್ಟು ಹೋದವು, ಮೊದಲ ಸಲಕ್ಕೇ ಎಷ್ಟು ಸರಿಯಾದವು, ಅತಿ ತಡವಾದದ್ದು ಎಷ್ಟು ದಿನ. ಸರಾಸರಿ ಒಂದನ್ನೇ ನೋಡಬೇಡಿ. ಜಗಳಕ್ಕೆ ಬರುವ ಗ್ರಾಹಕರು ಸರಾಸರಿಯಲ್ಲಿ ಇರುವುದಿಲ್ಲ.

ಇನ್ನೂ ಶುರುವೇ ಆಗದ ವ್ಯವಹಾರವಾದರೆ

ಹಿಂದೆ ನಡೆಯಲು ಆರ್ಡರ್ ಇಲ್ಲ. ಹಾಗಾಗಿ ಸುಳ್ಳು ಆರ್ಡರ್ ಒಂದನ್ನು ಕಾಗದದ ಮೇಲೆ ಬರೆದು, ನಾಲ್ಕು ಜನ ಮೇಜಿನ ಸುತ್ತ ಕೂತು, ಒಬ್ಬರಿಂದ ಒಬ್ಬರಿಗೆ ದಾಟಿಸಿ. ಒಬ್ಬರು ಗ್ರಾಹಕರಾಗಲಿ, ಬೇಕಂತಲೇ ಕಿರಿಕಿರಿ ಮಾಡಲಿ: ವಿಳಾಸ ತಪ್ಪು ಕೊಡಲಿ, ಅರ್ಧದಲ್ಲಿ ಮನಸ್ಸು ಬದಲಿಸಲಿ, ವಾಪಸ್ ತರಲಿ. "ಇದು ಈಗ ಯಾರ ಹತ್ರ ಇದೆ?" ಎಂದು ಕೇಳಿದಾಗ ಎಲ್ಲರೂ ಮುಖ ಮುಖ ನೋಡಿಕೊಂಡ ಜಾಗಗಳನ್ನು ಗುರುತಿಸಿ.

ಮೊದಲ ಕೆಲವು ಆರ್ಡರ್‌ಗಳನ್ನು ಕೈಯಲ್ಲೇ ನಡೆಸಿ. ಯಂತ್ರ, ಗೋದಾಮು, ಆ್ಯಪ್ ಯಾವುದಕ್ಕೂ ದೊಡ್ಡ ದುಡ್ಡು ಹಾಕಬೇಡಿ. ನಿಮ್ಮ ಊಹೆಯ ಹೊತ್ತು ಒಂದು ಕಾಲಂನಲ್ಲಿ, ನಿಜವಾಗಿ ಆದ ಹೊತ್ತು ಪಕ್ಕದಲ್ಲಿ. ಆಮೇಲೆ ಹಂತ 5ರ ಲೆಕ್ಕವನ್ನು ಎರಡು ಪಟ್ಟು, ಐದು ಪಟ್ಟು ಆರ್ಡರ್ ಇಟ್ಟುಕೊಂಡು ಮಾಡಿ. ಮೊದಲು ಇಕ್ಕಟ್ಟಾಗುವ ಲೇನ್ ಯಾವುದು ಎಂದು ಗೊತ್ತಾದರೆ, ದುಡ್ಡು ಹಾಕುವುದು ಎಲ್ಲಿ ಎಂಬುದೂ ಗೊತ್ತಾಯಿತು.

ನಕ್ಷೆ ಸಿದ್ಧವಾದ ಮೇಲೆ ಮೂಲೆಯಲ್ಲಿ ತಾರೀಖು ಮತ್ತು ಅದನ್ನು ತಿದ್ದುವವರ ಹೆಸರು ಹಾಕಿ. ಹೊಸಬರು ಸೇರಿದಾಗ ಮೊದಲ ವಾರ ಅವರ ಕೈಗೆ ನಕ್ಷೆ ಕೊಟ್ಟು, ಅದರಂತೆ ಒಂದು ಕೆಲಸ ಮಾಡಿಸಿ, ಹೊಂದದ ಜಾಗಗಳಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಲು ಹೇಳಿ. ಆ ಗುರುತುಗಳನ್ನು ಅದೇ ತಿಂಗಳೊಳಗೆ ತಿದ್ದಿ, ಹೊಸ ತಾರೀಖು ಹಾಕಿ, ಹಳೆಯ ಪ್ರತಿಯನ್ನು ಗೋಡೆಯಿಂದ ತೆಗೆಯಿರಿ.